ಹತ್ತದ ದೀಪ

ಬಿದ್ದ ವಿಮಾನದ ಎಚ್ಚರಿಕೆ ದೀಪದಿಂದ ತೆಗೆದ ಬಲ್ಬು ಕಡಲೆಕಾಳಿಗಿಂತ ದೊಡ್ಡದಿರಲಿಲ್ಲ. ತನಿಖಾಧಿಕಾರಿ ಒಡೆತ್ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇಣುಕಿದಳು. ಉರಿಯುತ್ತಿರುವ ಬಲ್ಬಿಗೆ ಪೆಟ್ಟು ಬಿದ್ದರೆ ಒಳಗಿನ ಕಾದ ತಂತಿ ಹಿಗ್ಗುತ್ತದೆ; ಆರಿದ ಬಲ್ಬಿನದಾದರೆ ಪಟ್ಟನೆ ತುಂಡಾಗುತ್ತದೆ. ವಿಮಾನ ಬಿದ್ದ ಮೇಲೆ ಮನುಷ್ಯರು ಏನೇನೋ ಹೇಳುತ್ತಾರೆ, ಈ ತಂತಿಗೆ ಮಾತ್ರ ಆ ಚಾಳಿಯಿಲ್ಲ. ಇದು ಚೆನ್ನಾಗಿಯೇ ಹಿಗ್ಗಿತ್ತು.

“ದೀಪ ಹತ್ತಿತ್ತು,” ಎಂದಳು.

“ನಾನು ಮೊದಲಿಂದ ಬಡ್ಕೋತಿಲ್ವಾ?” ಎಂದ ವಿಮಾನ ಕಂಪನಿಯ ಮುಖ್ಯ ಪೈಲಟ್ ಗಾರ್ಡ್ ಪ್ರಿಸ್ಟುಪಾ. “ರೆಕ್ಕೆ ಹೀಟರ್ ಕೆಟ್ಟಿದೆ ಅಂತ ದೀಪ ಹೇಳಿದೆ. ಇವರು ಕಣ್ಮುಚ್ಕೊಂಡು ಮೋಡದೊಳಗೆ ನುಗ್ಗಿದ್ದಾರೆ. ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟದೆ ಇನ್ನೇನು ಬೆಣ್ಣೆ ಕಟ್ಟುತ್ತಾ?”

ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಸಹಪೈಲಟ್ ವೆಸ್ಲಿ ಲಿಂಕ್ಲೇಟರ್ ದಡಕ್ಕನೆ ಎದ್ದ. ಹೆಪ್ಪುಗಟ್ಟಿದ ಸರೋವರದ ಮೇಲೆ ಬಿದ್ದ ಆ ವಿಮಾನದಿಂದ ಪ್ರಯಾಣಿಕರೆಲ್ಲ ಬದುಕಿ ಬಂದಿದ್ದರು, ಅವನೂ ಬಂದಿದ್ದ. ಕ್ಯಾಪ್ಟನ್ ಹೆಲ್ಗಾ ಮಾತ್ರ ಬಂದಿರಲಿಲ್ಲ.

“ಹತ್ತಲಿಲ್ಲ ಮೇಡಂ! ಆ ದೀಪ ಇರೋದು ನನ್ನ ಕಡೆ, ನೋಡಬೇಕಾದವನು ನಾನು. ಹೆಲ್ಗಾ ಗಂಡನ ಮುಖ ನೋಡ್ಕೊಂಡು ಹೇಳಿ ಬಂದಿದ್ದೀನಿ. ಹತ್ತಿದ್ರೆ ಕ್ಯಾಪ್ಟನ್ನಿಗೆ ಹೇಳ್ತಿರಲಿಲ್ವಾ?”

ಒಡೆತ್ ಅವನನ್ನು ನೋಡಿದಳು. ಅಪಘಾತ ತನಿಖೆಯಲ್ಲೇ ತಲೆಗೂದಲು ಬೆಳ್ಳಗಾದವಳು ಅವಳು. ಸುಳ್ಳುಬುರುಕರನ್ನು ಸಾಕಷ್ಟು ಕಂಡಿದ್ದಳು. ಇವನು ಅವರ ಪೈಕಿ ಅಲ್ಲ. ತಂತಿಯೂ ನಿಜ, ಹುಡುಗನೂ ನಿಜ ಅಂದರೆ ಅದು ಹೇಗೆ? ಅವಳ ತಲೆಯೊಳಗೆ ಹುಳ ಕೊರೆಯತೊಡಗಿತು.

ಹೊರಗೆ ಅದೇ ಮಾದರಿಯ ಇನ್ನೊಂದು ವಿಮಾನ ನಿಂತಿತ್ತು. ಅವಳು ಇಬ್ಬರನ್ನೂ ಅಲ್ಲಿಗೆ ಎಳೆದೊಯ್ದಳು. ಹಿಂದೆ ನಿಂತ ಗಾರ್ಡ್ ಸ್ವಿಚ್ಚು ಎಳೆದು ರೆಕ್ಕೆ ಹೀಟರ್ ಆರಿಸಿದ ಕೂಡಲೇ ವೆಸ್ಲಿಯ ಎದುರು ಹಳದಿ ದೀಪ ಹತ್ತಿತು.

“ಇಷ್ಟು ಜೋರಾಗಿ ಹತ್ತುತ್ತೆ. ನಾನೇನು ಕುರುಡನಾ?” ಎಂದ ವೆಸ್ಲಿ.

“ಅಲ್ಲ ಅಂತ ಡಾಕ್ಟರ್ ಬರ್ಕೊಟ್ಟಿದ್ದಾನೆ. ನನಗ್ಯಾಕೋ ಅನುಮಾನ,” ಎಂದು ಗಾರ್ಡ್ ಸ್ವಿಚ್ಚನ್ನು ಮತ್ತೆ ಒತ್ತಿ ದೀಪ ಆರಿಸಿದ.

“ಗಾರ್ಡ್, ಸ್ವಲ್ಪ ಬಾಯಿಗೆ ಬೀಗ ಹಾಕಯ್ಯ,” ಎಂದಳು ಒಡೆತ್. “ವೆಸ್ಲಿ, ಕೆಳಗಿಳಿದು ಮತ್ತೆ ಬಾ. ಆವತ್ತು ಬೆಳಿಗ್ಗೆ ಏನೇನು ಮಾಡಿದ್ಯೋ ಎಲ್ಲ ಮಾಡು. ಯಾವ ದೀಪ ಹತ್ತಿದರೂ ಹೇಳು.”

ವೆಸ್ಲಿ ಇಳಿದು, ಮ್ಯಾನಿಟೋಬಾದ ಜನವರಿ ಗಾಳಿಯಲ್ಲಿ ವಿಮಾನಕ್ಕೆ ಒಂದು ಸುತ್ತು ಹಾಕಿ, ಮೂಗು ಕೆಂಪಗೆ ಮಾಡಿಕೊಂಡು ಬಂದ. ಬೆಲ್ಟು ಬಿಗಿದ. ಒದ್ದೆಯಾದ ದಪ್ಪ ಕೈಗವಸುಗಳನ್ನು ಕಳಚಿ, ಗಾಜಿಗೆ ಬಿಸಿಗಾಳಿ ಊದುವ ಕಿಂಡಿಯ ಮೇಲೆ ಒಣಗಲು ಹರವಿದ. ಉತ್ತರದ ಕಡೆ ಹಾರುವ ಪೈಲಟ್‌ಗಳೆಲ್ಲ ಮಾಡುವುದೇ ಅದು. ಗಾರ್ಡ್ ಕೂಡ ಹಾಗೇ ಮಾಡಿಕೊಂಡು ಬಂದವನು. ಹರವಿದ ಗವಸಿನ ಬೆರಳುಗಳು ಅಂಚಿನಿಂದ ಕೆಳಕ್ಕೆ ಜೋತುಬಿದ್ದವು. ಎಡಗಡೆ ಕ್ಯಾಪ್ಟನ್ ಸೀಟಿನಲ್ಲಿ ಕೂತಿದ್ದ ಒಡೆತ್‌ಗೆ ಆ ಹಳದಿ ದೀಪದ ಜಾಗವೇ ಗವಸಿನಡಿ ಕಾಣದಾಯಿತು.

ಅವಳು ಹಿಂದೆ ತಿರುಗಿ ತಲೆಯಾಡಿಸಿದಳು. ಗಾರ್ಡ್ ಸ್ವಿಚ್ಚು ಎಳೆದ; ಎಳೆದವನು ಮುಂದಕ್ಕೆ ಬಗ್ಗಿ ಆ ಗವಸಿನ ಬೆರಳುಗಳನ್ನೇ ನೋಡಿದ.

ವೆಸ್ಲಿ ಒಂದೊಂದೇ ಗುಂಡಿ ಮುಟ್ಟುತ್ತ, ಮೀಟರುಗಳ ಮುಳ್ಳು ಓದುತ್ತ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದ. ಆ ಗವಸು, ಅವನದೇ ಮೂಗಿನ ಹಾಗೆ, ಎದುರಿಗಿದ್ದೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಕೊನೆಗೆ ಕೈಕಟ್ಟಿ ಕೂತು, ಒಡೆತ್ ಕಡೆ ತಿರುಗಿದ.

“ನಂದೆಲ್ಲ ಮುಗೀತು ಮೇಡಂ. ದೀಪ ಯಾವಾಗ ಹಚ್ತೀರಿ?”