ಒಣಗಿದ ಅಂಟು

ನನ್ನ ಮಗಳು ಕಾಗದಕ್ಕೆ ಅಂಟು ಹಚ್ಚಿದರೆ ಸಾಕು, ಅಫಜಲಪುರದಲ್ಲಿದ್ದ ಅಬ್ಬಾನ ಹಿಡಿಕೆ ಅಂಗಡಿಯ ಆ ಮಧ್ಯಾಹ್ನ ಮೂಗಿಗೆ ಬರುತ್ತದೆ.

ಮರದ ಹಿಡಿಕೆಯ ಎರಡು ಹೋಳು ಸಮನಾಗಿ ಬರಲೆಂದು ಅಬ್ಬಾ ನಡುವೆ ಕಾಗದವಿಟ್ಟು ಅಂಟಿಸಿ, ಒಟ್ಟಿಗೇ ಉಜ್ಜುತ್ತಿದ್ದ. ಆಮೇಲೆ ಕಾಗದ ಸೀಳಿ ಎರಡನ್ನೂ ಬಿಡಿಸಿ, ಕಬ್ಬು ಕಡಿಯುವ ಕೊಯ್ತಾದ ಬುಡಕ್ಕೆ ಕೂರಿಸುತ್ತಿದ್ದ. ಅಂದು ಹಿಡಿಕೆ ಹಾಕಲು ಕೊಟ್ಟಿದ್ದ ಕೊಯ್ತಾ ಒಯ್ಯಲು ಬಂದವನು ನಮ್ಮ ಓಣಿಯವನೇ. ಹೊಲದ ಬದುವಿನ ಜಗಳದಲ್ಲಿ ತಮ್ಮನೊಡನೆ ಮಾತು ಬಿಟ್ಟಿದ್ದ.

“ಕಬ್ಬು ಕಡದು ಮುಗದದಲ್ರಿ, ಈಗ ಕೊಯ್ತಾ ಯಾಕ್ರಿ?” ಎಂದ ಅಬ್ಬಾ.

ಅವನು ಕೊಯ್ತಾದತ್ತ ಕೈ ಚಾಚಿದ.

“ಅಂಟು ಇನ್ನಾ ಹಸಿ ಅದರಿ. ನಾಳಿಗಿ ಬರ್ರಿ.”

ನಾನು ಮುಟ್ಟಿ ನೋಡಿದೆ. ಅಂಟು ಕಲ್ಲಿನಂತೆ ಒಣಗಿತ್ತು.

“ಹಿಡಿಕಿ ಬ್ಯಾಡ್ರಿ ಚಾಚಾ, ಇಷ್ಟ ಸಾಕು,” ಎಂದವನೇ ಕೊಯ್ತಾದ ಬರಿ ಬುಡಕ್ಕೆ ಟವೆಲ್ ಸುತ್ತಿಕೊಂಡು ಹೊರಟ.

ಅಬ್ಬಾ ನನ್ನ ಭುಜ ಹಿಡಿದ.

“ಹಿಂದಿನ ಓಣ್ಯಾಗಿಂದ ಓಡು ಬೇಟಿ. ಅವನ ತಮ್ಮಗ ಬಾಗಲಾ ಹಾಕ್ಕೋ ಅಂತ ಹೇಳು.”