ಐಸಿನ ಮೇಲೆ ಒಂದು ಸುತ್ತು

ತನ್ನ ಸ್ಕೇಟು ಕಟ್ಟಿಕೊಂಡು ಮುಗಿಸಿ, ಮಗಳ ಎಡಗಾಲಿನ ಸ್ಕೇಟಿಂಗ್ ಶೂಗೆ ಎರಡನೇ ಗಂಟು ಹಾಕುತ್ತಿದ್ದಾಗ ಐಸು ಸರಿಮಾಡುವ ಗಾಡಿಯವನ ಭುಜದ ಮೇಲೆ ಯಾರೋ ಬೆರಳಿನಿಂದ ಕುಟ್ಟಿದರು. ತಿರುಗಿ ನೋಡುವುದೇ ಬೇಕಾಗಿರಲಿಲ್ಲ. ಮನುಷ್ಯರನ್ನು ಬಾಗಿಲು ಕುಟ್ಟಿದ ಹಾಗೆ ಕುಟ್ಟುವವರು ಆ ಐಸ್ ಸ್ಕೇಟಿಂಗ್ ರಿಂಕಿನಲ್ಲಿ ಒಬ್ಬರೇ, ಮ್ಯಾನೇಜರು.

“ಒಳ್ಳೇ ಟೈಮಿಗೆ ಸಿಕ್ಕಿದೆ ನೋಡು. ಇನ್ನೊಬ್ಬ ಡ್ರೈವರು ಜ್ವರ ಅಂತ ಮಲಗಿಬಿಟ್ಟಿದಾನೆ. ಹೋಗಿ ಒಂದು ಸಲ ಗಾಡಿ ಓಡಿಸಿಬಿಡು. ಐಸು ಉತ್ತ ಹೊಲ ಆಗಿದೆ.”

ಐಸು ಉತ್ತ ಹೊಲವೇ ಆಗಿತ್ತು, ಸುಳ್ಳಲ್ಲ. ಬೆಳಗಿನಿಂದ ನೂರಾರು ಕಾಲು ಅದನ್ನು ಕೆರೆದು ಹಾಕಿದ್ದವು. ಗಾಡಿ ಒಮ್ಮೆ ಸುತ್ತಿತೆಂದರೆ ಮೇಲಿನ ಪದರ ಹೆರೆದು, ಹಿಂದಿನಿಂದ ಬಿಸಿನೀರು ಹರಿಸಿ, ಎಲ್ಲವನ್ನೂ ಕನ್ನಡಿ ಮಾಡುತ್ತದೆ. ಮೂರು ಚಳಿಗಾಲದಿಂದ ಆ ಕನ್ನಡಿ ಮಾಡುವವನು ಇವನೇ. ಇಡೀ ಊರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಅದರ ಮೇಲೆ ಜಾರಿ, ಬಿದ್ದು, ನಕ್ಕು, ಫೋಟೋ ತೆಗೆಸಿಕೊಂಡು ಹೋಗುತ್ತದೆ. ಇವನ ಮಗಳು ಮಾತ್ರ ಎರಡು ಚಳಿಗಾಲ ಅಮ್ಮನ ಜೊತೆ ಬಂದು ಅಪ್ಪನಿಗೆ ಊಟದ ಡಬ್ಬಿ ಕೊಟ್ಟು, ಹೊರಗಿನ ಗಾಜಿಗೆ ಮೂಗು ಒತ್ತಿ ನೋಡಿ, ಮನೆಗೆ ಹೋಗಿದ್ದಳು. ಮೂರು ಸಲ ರಜಾ ಚೀಟಿ ಬರೆದುಕೊಟ್ಟ ಮೇಲೆ ಈ ಭಾನುವಾರ ಸಿಕ್ಕಿತ್ತು.

“ಸಾರ್, ಇವತ್ತು ನಾನು ರಜಾ.”

“ಅದು ನಂಗೊತ್ತಿಲ್ವೇನಪ್ಪಾ? ಸೈನ್ ಹಾಕಿದ್ದೇ ನಾನು. ಹತ್ತು ನಿಮಿಷದ ಕೆಲಸ.”

“ಹತ್ತು ನಿಮಿಷ ಗಾಡಿ ಓಡೋದು. ಅದಕ್ಕೆ ಮುಂಚೆ ನೀರು ತುಂಬಬೇಕು. ಆಮೇಲೆ ಹೆರೆದಿದ್ದನ್ನ ಹೊರಗೆ ಸುರಿಬೇಕು. ಆಮೇಲೆ ನೀರು ಗಟ್ಟಿ ಆಗೋ ತನಕ ಯಾರನ್ನೂ ಬಿಡಂಗಿಲ್ಲ. ನಮ್ಮ ಟಿಕೆಟ್ಟಿನ ಟೈಮು ಉಳಿದಿರೋದೇ ಇನ್ನು ಇಪ್ಪತ್ತೈದು ನಿಮಿಷ ಸಾರ್.”

“ಹಂಗಾದ್ರೆ ಇನ್ನೊಂದಿನ ಕರ್ಕೊಂಡು ಬಾ. ಐಸೇನು ಕಾಲು ಬಂದು ಓಡಿಹೋಗುತ್ತಾ?”

ಮಗಳ ಕೋಟನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಬಾಯಿ ಹಾಕಿದಳು. “ಐಸು ಇಲ್ಲೇ ಇರುತ್ತೆ ಸಾರ್. ಇವರೂ ಇಲ್ಲೇ ಇರ್ತಾರೆ. ನಾವಿಬ್ಬರೇ ಗಾಜಿನಾಚೆ ಇರೋದು.”

ಮ್ಯಾನೇಜರ ಮುಖದ ಮೇಲಿದ್ದ ನಗು ಸ್ವಿಚ್ಚು ಒತ್ತಿದ ಹಾಗೆ ಆರಿತು. ಗಾಡಿಯವನ ಕಿವಿಯ ಹತ್ತಿರ ಬಗ್ಗಿದರು. “ಭಾನುವಾರದ ಜನ, ಮಕ್ಕಳು ಮುಗ್ಗರಿಸಿ ಬೀಳ್ತಾ ಇವೆ. ಅವರ ಅಪ್ಪಂದಿರು ಬಂದು ಹಿಡಿಯೋದು ನನ್ನ ಕುತ್ತಿಗೇನ. ಗಾಡಿ ಹತ್ತಿದ್ಯೋ, ಸರಿ. ಇಲ್ಲಾಂದ್ರೆ ನಾಳೆಯಿಂದ ನಿನಗೆ ದಿನಾ ರಜಾ.” ಉತ್ತರಕ್ಕೆ ಕಾಯಲಿಲ್ಲ. ಇವನು ಹತ್ತೇ ಹತ್ತುತ್ತಾನೆ ಎಂದು ಅಷ್ಟು ಗ್ಯಾರಂಟಿ. ಸೀದಾ ಹೋಗಿ ಮೈಕು ಹಿಡಿದು, ಐಸು ಸರಿಮಾಡಬೇಕು, ಎಲ್ಲರೂ ಹೊರಗೆ ಬನ್ನಿ ಎಂದರು. ಜನ ಗೊಣಗುತ್ತಾ, ಕಂಬಿ ಹಿಡಿದುಕೊಂಡು, ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು.

“ಏನಂತೆ?”

“ಗಾಡಿ ಹತ್ತಬೇಕಂತೆ. ಇಲ್ಲಾಂದ್ರೆ ಕೆಲಸ ಇಲ್ವಂತೆ.”

ಹೆಂಡತಿ ಕೋಟಿನ ಗುಂಡಿ ಹಾಕಿದಳು, ಬಿಚ್ಚಿದಳು. “ನಾನು ಹತ್ತಿ ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ಆಮೇಲೆ ಎಲ್ಲಾ ನಿನ್ನಿಂದಲೇ ಅಂತ ನನ್ನ ತಲೆಗೆ ಕಟ್ಟಬಾರದು. ಆದ್ರೆ ಒಂದು ಮಾತು ರೀ. ಆ ಶೂ ಬಿಚ್ಚೋದಿದ್ರೆ ನೀವೇ ಬಿಚ್ಚಿ. ನನ್ನ ಕೈಲಿ ಮಾಡಿಸಬೇಡಿ.”

ಅವನು ಮತ್ತೆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಲೇಸಿನ ತುದಿ ಹಿಡಿದ. ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ಬಿಚ್ಚಲಿ ಎಂದು ತಾನಾಗಿಯೇ ಕಾಲು ಮುಂದೆ ಚಾಚಿದಳು. ಏಳು ವರ್ಷದ ಹುಡುಗಿಗೆ ಇವತ್ತಿಲ್ಲ ಅನ್ನಿಸಿಕೊಳ್ಳುವುದು ಅಷ್ಟು ಅಭ್ಯಾಸವಾಗಿಬಿಟ್ಟಿತ್ತು. ಅದನ್ನು ಕಂಡು ಅವನ ಮೈಯೆಲ್ಲ ಉರಿದುಹೋಯಿತು. ಲೇಸನ್ನು ಬಿಗಿಯಾಗಿ ಎಳೆದು ಮೂರನೇ ಗಂಟು ಹಾಕಿದ.

“ನಡಿ ಪುಟ್ಟಿ.”

ಮೂರು ವರ್ಷ ಐಸಿನ ಮೇಲೆ ಸೀಟಿನಲ್ಲಿ ಕೂತು ತಿರುಗಿದವನು ಒಂದು ದಿನವೂ ಅದರ ಮೇಲೆ ಸ್ಕೇಟು ಕಟ್ಟಿ ನಿಂತವನಲ್ಲ. ಐಸಿಗಿಳಿದ ಮೂರನೇ ಹೆಜ್ಜೆಗೇ ಕಾಲುಗಳು ಒಂದೊಂದು ದಿಕ್ಕಿಗೆ ಹೊರಟವು. ಧಡಾರನೆ ಬಿದ್ದ. “ಗಾಡಿ ಕೆಟ್ಟುಹೋಯ್ತಾ ಸ್ವಾಮಿ?” ಎಂದು ಕಂಬಿಯಾಚೆಯಿಂದ ಯಾರೋ ಕೂಗಿದರು, ಹತ್ತಾರು ಜನ ನಕ್ಕರು. ಮೈಕಿನಲ್ಲಿ ಮ್ಯಾನೇಜರ ದನಿ, “ಏಯ್, ಏನ್ ಮಾಡ್ತಿದೀಯ? ಹೊರಗೆ ಬಾ!” ಒದ್ದೆ ಮಂಡಿ ಒರೆಸಿಕೊಂಡು ಎದ್ದ. ಮಗಳು ಅವನ ಎರಡು ಬೆರಳು ಹಿಡಿದುಕೊಂಡಳು. ಗೀರು ಬಿದ್ದ ಐಸಿನಲ್ಲಿ ಟಕ ಟಕ ತೊಡರುತ್ತಾ, ಒಬ್ಬರನ್ನೊಬ್ಬರು ಎಳೆಯುತ್ತಾ, ಆ ಕೊನೆಯ ತಿರುವಿನವರೆಗೆ ಬಂದರು. ಅಲ್ಲಿ ಮಗಳು ನಿಂತು ಸುತ್ತಲೂ ನೋಡಿದಳು. ಅಷ್ಟು ದೊಡ್ಡ ಐಸಿನ ಮೇಲೆ ಇನ್ನೊಂದು ನರಪಿಳ್ಳೆಯೂ ಇಲ್ಲ. ಸುತ್ತ ಕಂಬಿಗೆ ಆತುಕೊಂಡು ಜನವೋ ಜನ, ಎಲ್ಲರ ಕಣ್ಣೂ ಇವರ ಮೇಲೆ.

“ಅಪ್ಪಾ, ಎಲ್ಲರನ್ನೂ ನಂಗೋಸ್ಕರ ಹೊರಗೆ ಕಳಿಸಿದ್ಯಾ?”

ಮ್ಯಾನೇಜರು ಮೈಕು ಬಿಟ್ಟು, ಕೈ ಬೀಸುತ್ತಾ ಕಂಬಿಯ ಉದ್ದಕ್ಕೂ ಓಡಿಬರುತ್ತಿದ್ದರು.

“ಹೂಂ,” ಎಂದ ಅವನು. “ಮಂಡಿ ಸ್ವಲ್ಪ ಬಗ್ಗಿಸು. ಇನ್ನೂ ಅರ್ಧ ಸುತ್ತು ಇದೆ.”