ನಾಯಿ ಇದ್ದವರಿಗೆ ಮಾತ್ರ

“ರೂಮೇನೋ ಇದೆ ಸರ್. ಆದ್ರೆ ನಾಯಿ ಇಲ್ಲದವರಿಗೆ ಕೊಡೋ ಹಾಗಿಲ್ಲ.”

ರಿಸೆಪ್ಷನ್ ಹುಡುಗಿ ಇದನ್ನು ನಗುನಗುತ್ತಲೇ ಹೇಳಿದಳು. ಊರಿನಲ್ಲಿ ಹಲ್ಲಿನ ಡಾಕ್ಟರುಗಳ ಸಮ್ಮೇಳನ; ಇದ್ದಬದ್ದ ಲಾಡ್ಜುಗಳೆಲ್ಲ ಭರ್ತಿ. ಸಂಜೆಯಿಂದ ಬಾಗಿಲಿಂದ ಬಾಗಿಲಿಗೆ ಅಲೆದು ಗಂಡನ ಮುಖ ಬಾಡಿತ್ತು. ಪಕ್ಕದಲ್ಲಿ ತುಂಬು ಬಸುರಿ ಹೆಂಡತಿ. ಅವಳ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಇನ್ನು ಕಾರಿನಲ್ಲಿ ಕೂರಲಾರೆ ಎಂದುಬಿಟ್ಟಿದ್ದಳು.

“ಮನುಷ್ಯರಿಗೆ ಇಲ್ವೇನಮ್ಮ?”

“ಮನುಷ್ಯರದ್ದೆಲ್ಲ ಫುಲ್ ಸರ್. ಕೆಳಗಿನ ರೂಮುಗಳು ನಾಯಿ ಕರ್ಕೊಂಡು ಬರೋರಿಗೇ ಅಂತ ಮಾಲೀಕರ ಆರ್ಡರ್.” ಅವಳ ತಲೆಯ ಮೇಲೆ ಬಂಗಾರದ ಅಕ್ಷರದ ಬೋರ್ಡು ಹೊಳೆಯುತ್ತಿತ್ತು: ‘ನಿಮ್ಮ ನಾಯಿ, ನಮ್ಮ ಮನೆಯ ಮಗು.’

“ಇವಳ ಹೊಟ್ಟೇಲೂ ಒಂದು ಮಗು ಇದೆಯಲ್ಲಮ್ಮ!”

“ಕಂಗ್ರಾಟ್ಸ್ ಸರ್,” ಎಂದಳು ಹುಡುಗಿ.

ಹೆಂಡತಿ ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಎದುರಿನ ಪಂಕ್ಚರ್ ಅಂಗಡಿಯ ಮುಂದೆ ಹಳೇ ಟೈರಿನೊಳಗೆ ಮುದುಡಿ ಮಲಗಿದ್ದ ಕಂದು ನಾಯಿಯೊಂದು ಎದ್ದು, ಮೈ ಮುರಿದು, ರಸ್ತೆ ದಾಟಿ ಬಂತು. ಅದರ ಎಡಗಿವಿ ಅರ್ಧ ಹರಿದಿತ್ತು. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಕೋಲು ಬೀಸಿದ. “ಹಚಾ! ದಿನಾ ಇದೇ ಗೋಳಾಯ್ತಲ್ಲ ನಿಂದು!” ನಾಯಿ ನಾಲ್ಕು ಹೆಜ್ಜೆ ಓಡಿತು, ಕೂತಿತು, ಏನೂ ಆಗಿಲ್ಲವೆಂಬಂತೆ ಕಿವಿ ಕೆರೆದುಕೊಂಡಿತು.

ಹೆಂಡತಿ ನಾಯಿಯನ್ನು ನೋಡಿದಳು. ತನ್ನ ಕಾಲು ನೋಡಿಕೊಂಡಳು. ಆಮೇಲೆ ಕೊರಳಿನ ರೇಷ್ಮೆ ದುಪಟ್ಟ ತೆಗೆದು ಗಂಡನ ಕೈಗಿಟ್ಟಳು. “ರೀ, ಒಂದು ಬಿಸ್ಕೆಟ್ ಪೊಟ್ಟಣ ತನ್ನಿ.”

ಪಂಕ್ಚರ್ ಅಂಗಡಿಯ ಪೈಪಿನ ಕೆಳಗೆ ಸ್ನಾನ ಮುಗಿಸಿ, ಕೊರಳಿಗೆ ರೇಷ್ಮೆ ಕಟ್ಟಿಸಿಕೊಂಡು ನಾಯಿ ಮೆಟ್ಟಿಲು ಹತ್ತಿತು. ವಾಚ್‌ಮನ್ ಅದರ ಕಿವಿ ನೋಡಿದ, ದುಪಟ್ಟ ನೋಡಿದ, ದುಪಟ್ಟದ ಇನ್ನೊಂದು ತುದಿ ಹಿಡಿದವನ ಶರ್ಟಿನ ಇಸ್ತ್ರಿ ನೋಡಿದ.

“ಎಲ್ಲೋ ನೋಡಿದ ಹಾಗಿದೆಯಲ್ಲ ಸರ್, ಇದನ್ನ?”

“ಇದನ್ನ ಅಂತೀಯಲ್ಲಯ್ಯ!” ಹೆಂಡತಿ ಗದರಿದಳು.

“ತಪ್ಪಾಯ್ತು ಮೇಡಂ. ಇವರನ್ನ.” ಅವನು ಸಲಾಮು ಹೊಡೆದ. ಗಾಜಿನ ಬಾಗಿಲು ತಾನಾಗಿ ಸರಿಯಿತು.

“ಯಾವ ತಳಿ ಸರ್?” ರಿಸೆಪ್ಷನ್ ಹುಡುಗಿ ಬಗ್ಗಿ ನೋಡಿದಳು.

ಗಂಡ ಗಂಟಲು ಸರಿಮಾಡಿಕೊಂಡ. “ಹೊರಗಡೇದು.”

“ನೋಡಿದ್ರೇನೇ ಗೊತ್ತಾಗುತ್ತೆ. ಹೆಸರು?”

“ಬ್ರೂನೋ,” ಎಂದಳು ಹೆಂಡತಿ. “ಕರೆದ್ರೆ ತಿರುಗಿ ನೋಡಲ್ಲ. ಸ್ವಲ್ಪ ಜಂಬ.”

“ದೊಡ್ಡ ಮನೆಯವು ಹಾಗೇನೇ ಮೇಡಂ.”

ರೂಮಿನಲ್ಲಿ ಬ್ರೂನೋಗೆ ಮೆತ್ತನೆಯ ಹಾಸಿಗೆ, ಬಟ್ಟಲು ತುಂಬ ಹಾಲು, ಮೂಳೆಯ ಆಕಾರಕ್ಕೆ ಮಡಿಸಿಟ್ಟ ಟವೆಲು. ಬಸುರಿ ಹೆಂಗಸಿಗೆ ಇನ್ನೊಂದು ದಿಂಬು ಬೇಕೆಂದು ಫೋನು ಮಾಡಿದರೆ, “ನೋಡ್ತೀವಿ ಸರ್” ಎಂದವರ ಪತ್ತೆಯೇ ಇಲ್ಲ. ನಾಯಿ ತನ್ನ ಹಾಸಿಗೆಯನ್ನು ಸುತ್ತಲೂ ಮೂಸಿ, ಒಗ್ಗದೆ, ಅವಳ ಮಂಚದ ಪಕ್ಕ ಬರಿನೆಲದಲ್ಲಿ ಮಲಗಿತು. ಅವಳು ಆ ಹಾಸಿಗೆಯನ್ನೇ ಮಡಿಸಿ ತನ್ನ ಕಾಲಿನ ಕೆಳಗಿಟ್ಟುಕೊಂಡಳು. ಒಂದು ಕೈಯನ್ನು ಹರಿದ ಕಿವಿಯ ಮೇಲಿಟ್ಟು ನಿದ್ದೆ ಹೋದಳು.

ಬೆಳಿಗ್ಗೆ ಕಾರಿನ ಬಾಗಿಲು ತೆಗೆದಾಗ ಎಲ್ಲರಿಗಿಂತ ಮೊದಲು ಹತ್ತಿ ಕೂತದ್ದು ಬ್ರೂನೋ. ವಾಚ್‌ಮನ್ ಕಾರಿಗೂ ಸಲಾಮು ಹೊಡೆದ. ಕಾರು ರಸ್ತೆ ದಾಟಿ, ಪಂಕ್ಚರ್ ಅಂಗಡಿಯ ಮುಂದೆ ನಿಂತಿತು.

“ಕರ್ಕೊಂಡೇ ಹೋಗೋಣ್ವೇನ್ರೀ?”

“ಎಲ್ಲಿಗೇ? ಮಗು ಆಗುತ್ತೆ ಅಂದಿದ್ದಕ್ಕೇ ಮನೆ ಓನರ್ರು ಮುಖ ಸಿಂಡರಿಸಿದ್ರು.”

“ಇದರ ದಯೆಯಿಂದ ರಾತ್ರಿ ಮಲಗಿದ್ವಲ್ರೀ.”

“ಹಾಲು ಕುಡಿಸಿದ್ವಲ್ಲ, ಸಾಲದಾ? ಇಳಿಸು.” ಕಾರು ಮತ್ತೆ ಸ್ಟಾರ್ಟ್ ಮಾಡುತ್ತ ಅವನು ನೆನಪಿಸಿದ: “ದುಪಟ್ಟ ಬಿಚ್ಕೋ ಮಾರಾಯ್ತಿ, ರೇಷ್ಮೇದು.”

ಅವಳು ನಾಯಿಯನ್ನು ಇಳಿಸಿ, ದುಪಟ್ಟ ಬಿಚ್ಚಿಕೊಂಡಳು. ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಅವಳು ನೋಡುತ್ತಲೇ ಇದ್ದಳು: ನಾಯಿ ತನ್ನ ಹಳೇ ಟೈರನ್ನು ಮೂಸಿತು, ಒಳಗೆ ಇಳಿಯಲಿಲ್ಲ. ರಸ್ತೆ ದಾಟಿ, ಬಾಲ ಅಲ್ಲಾಡಿಸುತ್ತ ಹೋಟೆಲಿನ ಮೆಟ್ಟಿಲು ಹತ್ತಿತು. ಗಾಜಿನ ಬಾಗಿಲು ತಾನಾಗಿ ಸರಿಯಿತು. ವಾಚ್‌ಮನ್ನನ ಕೈ ಸಲಾಮಿಗೆಂದು ಹಣೆಯವರೆಗೆ ಏರಿತ್ತು. ಅಷ್ಟರಲ್ಲಿ ಅವನ ಕಣ್ಣು ಬರಿಗೊರಳಿನ ಮೇಲೆ ಬಿತ್ತು. ಏರಿದ ಕೈ ಹಾಗೇ ಇಳಿದು ಕೋಲು ಹಿಡಿಯಿತು.